ದೀಪ ಸಣ್ಣದು ಮಾಡುವ ವಿಚಾರ



ನಮ್ಮ ಕಾಸರಗೋಡಿನ ಕಡೆಯ ಹಿರಿಯರು ರಾತ್ರಿ ಮಲಗುವ ಹೊತ್ತಿಗೆ ‘ದೀಪ ಆರಿಸು’ ಎಂದು ಹೇಳುತ್ತಿರಲಿಲ್ಲ. ಆ ಮಾತು ಅಶುಭ. ‘ದೀಪ ಸಣ್ಣದು ಮಾಡು’ ಎನ್ನುತ್ತಿದ್ದರು. ಇದು ಬರಿಯ ಶಾಸ್ತ್ರದ ಮಾತೆಂದು ತಿಳಿಯಬೇಡಿ. ಸೀಮೆಎಣ್ಣೆಯ ಲಾಟೀನಿನ ಬದಿಯಲ್ಲಿ ಒಂದು ಪುಟ್ಟ ತಿರುಪು ಇರುತ್ತಿತ್ತು. ಅದನ್ನು ತಿರುಗಿಸಿದರೆ ಬತ್ತಿ ಒಳಗೆ ಸರಿದು, ಜ್ವಾಲೆ ಕಡಲೆಕಾಳಿನಷ್ಟಾಗಿ, ಬಾಣಂತಿಯ ಕೋಣೆಯಲ್ಲಿ ಬೆಳಗಿನವರೆಗೂ ಉರಿಯುತ್ತಿತ್ತು. ಬೆಳಕು ಇಳಿದಂತೆ ಎಣ್ಣೆಯ ಖರ್ಚೂ ಇಳಿಯುತ್ತಿತ್ತು. ರೇಷನ್ ಅಂಗಡಿಯ ಮುಂದೆ ಸೀಮೆಎಣ್ಣೆಗೆ ಕ್ಯೂ ನಿಂತವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬೆಳಕಿನ ಹದವೂ ಖರ್ಚಿನ ಹದವೂ ಆ ಒಂದು ತಿರುಪಿನಲ್ಲೇ ಇದ್ದವು. ವಿದ್ಯುದ್ದೀಪ ಬಂದ ಮೇಲೆ ಇವೆರಡೂ ಬೇರೆ ಬೇರೆ ದಾರಿ ಹಿಡಿದವು. ಅವು ಮತ್ತೆ ಒಂದಾಗಲು ನೂರು ವರ್ಷಕ್ಕೂ ಮೇಲೆ ಬೇಕಾಯಿತು.

ಕನ್ನಡ ನಾಡಿಗೆ ವಿದ್ಯುತ್ತು ತಡವಾಗಿ ಬಂದದ್ದೇನಲ್ಲ. ಶಿವನಸಮುದ್ರದ ವಿದ್ಯುತ್ತು 1902ರಲ್ಲೇ ಕೋಲಾರದ ಚಿನ್ನದ ಗಣಿಗೆ ಹೋಯಿತು. 1905ರಲ್ಲಿ ಬೆಂಗಳೂರಿನ ಬೀದಿಯಲ್ಲಿ ಬಲ್ಬು ಉರಿಯಿತು. ಆದರೆ ಆ ಬಲ್ಬಿಗೆ ಎರಡೇ ಸ್ಥಿತಿ. ಸ್ವಿಚ್ಚು ಒತ್ತಿದರೆ ಪೂರ್ತಿ ಬೆಳಕು, ಎತ್ತಿದರೆ ಪೂರ್ತಿ ಕತ್ತಲೆ. ನಡುವಿನದ್ದು ಎಂಬುದಿಲ್ಲ.

ವಿದ್ಯುತ್ ಬೆಳಕನ್ನು ತಗ್ಗಿಸುವ ಅಗತ್ಯ ಮೊದಲು ಬಿದ್ದದ್ದು ಮನೆಗಳಿಗಲ್ಲ, ನಾಟಕಶಾಲೆಗಳಿಗೆ. ಯಕ್ಷಗಾನ ನೋಡಿದ ನಮಗೆ ಇದರಲ್ಲಿ ಆಶ್ಚರ್ಯವಿಲ್ಲ. ದೊಂದಿಯ ಕಾಲದಲ್ಲಿ ರಾಕ್ಷಸ ವೇಷ ರಂಗಕ್ಕೆ ಬರುವಾಗ ರಾಳದ ಪುಡಿ ಎರಚಿ ಬೆಂಕಿಯನ್ನು ಭುಗ್ಗೆಂದು ಎಬ್ಬಿಸುತ್ತಿದ್ದರು. ಬೆಳಕು ಏರಿಳಿಯದೆ ಆಟ ಕಳೆಕಟ್ಟುವುದಿಲ್ಲ. ಲಂಡನ್ನಿನ ಸವಾಯ್ ಥಿಯೇಟರು 1881ರಲ್ಲಿ ಸುಮಾರು 1200 ವಿದ್ಯುದ್ದೀಪಗಳೊಡನೆ ಬಾಗಿಲು ತೆರೆದಾಗ, ರಂಗದ ಬೆಳಕನ್ನು ಇಳಿಸಲು ತಂತಿ ಸುರುಳಿಗಳನ್ನು ಜೋಡಿಸಿದ್ದರು. ವಿದ್ಯುತ್ತಿನ ದಾರಿಗೆ ಅಡ್ಡವಾಗಿ ಈ ಸುರುಳಿ ಇಟ್ಟರೆ ಒಂದಷ್ಟು ಶಕ್ತಿ ಅಲ್ಲೇ ಬಿಸಿಯಾಗಿ ಹೋಗುತ್ತದೆ, ಉಳಿದದ್ದು ದೀಪಕ್ಕೆ. ಬೇರೆ ನಾಟಕಶಾಲೆಗಳಲ್ಲಿ ಜಾಡಿಯಲ್ಲಿ ಉಪ್ಪುನೀರು ತುಂಬಿ, ಲೋಹದ ತಗಡನ್ನು ಅದರೊಳಗೆ ಏರಿಸಿ ಇಳಿಸಿ ಬೆಳಕು ಹದ ಮಾಡುವುದೂ ಇತ್ತು. ನೀರು ಕುದಿಯುತ್ತಿತ್ತು, ಆಟ ನಡೆಯುತ್ತಿತ್ತು! ಬೆಳಕೇನೋ ಇಳಿಯಿತು, ಉಳಿತಾಯ ಮಾತ್ರ ಹೆಚ್ಚೇನೂ ಆಗಲಿಲ್ಲ. ನಮ್ಮ ಮನೆಗಳ ಹಳೆಯ ಫ್ಯಾನ್ ರೆಗ್ಯುಲೇಟರ್ ಪೆಟ್ಟಿಗೆಯೂ ಇದೇ ಜಾತಿಯದು. ಫ್ಯಾನು ನಿಧಾನ ತಿರುಗುವಾಗ ಪೆಟ್ಟಿಗೆಯ ಮೇಲೆ ಕೈಯಿಟ್ಟು ನೋಡಿದವರಿಗೆ ಉಳಿದ ಕರೆಂಟು ಎಲ್ಲಿಗೆ ಹೋಗುತ್ತಿತ್ತು ಎಂಬುದು ಗೊತ್ತುಂಟು.

ಇನ್ನು ನಮ್ಮ ಊರುಗಳಲ್ಲಿ ಬಲ್ಬು ತಾನಾಗಿಯೇ ಮಂಕಾಗುತ್ತಿದ್ದುದನ್ನು ಮರೆಯುವ ಹಾಗಿಲ್ಲ. ‘ಡಿಮ್ಮು’ ಎಂಬ ಶಬ್ದವನ್ನು ನಾವು ಕಲಿತದ್ದೇ ಹಾಗೆ. ಬೇಸಿಗೆಯಲ್ಲಿ ಅಡಿಕೆ ತೋಟಗಳಿಗೆ ನೀರು ಬಿಡಲು ಪಂಪುಗಳೆಲ್ಲ ಒಟ್ಟಿಗೆ ಓಡತೊಡಗಿದರೆ ಸಂಜೆ 230 ವೋಲ್ಟು ಇರಬೇಕಾದಲ್ಲಿ 160ಕ್ಕೆ ಇಳಿಯುತ್ತಿತ್ತು. ಟ್ಯೂಬ್‌ಲೈಟು ಮಿಣಮಿಣ ಎಂದು ಹತ್ತದೆ ಸತಾಯಿಸುತ್ತಿತ್ತು, ಬಲ್ಬು ಕೆಂಪಾಗುತ್ತಿತ್ತು. ಪರೀಕ್ಷೆಗೆ ಓದುವ ಮಕ್ಕಳು ಮತ್ತೆ ಲಾಟೀನು ಹಚ್ಚುತ್ತಿದ್ದರು. ನಾನೂ ಹಾಗೆ ಓದಿಯೇ ಮೆಟ್ರಿಕ್ ಮುಗಿಸಿದವನು. 160 ವೋಲ್ಟಿನಲ್ಲಿ ತಂತಿಯ ಬಲ್ಬು ಕೊಡುವುದು ತನ್ನ ಪೂರ್ತಿ ಬೆಳಕಿನ ಮೂರರಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಆದರೆ ಅದು ಎಳೆಯುವ ವಿದ್ಯುತ್ತು ಅರ್ಧಕ್ಕಿಂತ ಹೆಚ್ಚು. ತಂತಿ ಎಷ್ಟು ಕಾದರೆ ಅಷ್ಟು ಬೆಳಕು. ಅರೆಕಾದ ತಂತಿ ಬಿಸಿಯನ್ನಷ್ಟೇ ಬೀರುತ್ತದೆ. ಚೆನ್ನಾಗಿ ಕಾದಾಗಲೂ ಶಕ್ತಿಯ ಬಹುಪಾಲು ಬಿಸಿಗೇ ಹೋಗುವುದು. ಬೆಳಕಾಗುವುದು ನೂರಕ್ಕೆ ಐದರಷ್ಟು.

ರಾತ್ರಿಯ ಸಣ್ಣ ಬೆಳಕಿಗೆ ನಾವು ಕಂಡುಕೊಂಡ ಉಪಾಯ ‘ಜೀರೋ ಬಲ್ಬು’. ಹೆಸರು ಕೇಳಿದರೆ ಖರ್ಚು ಸೊನ್ನೆ ಎನಿಸುತ್ತದೆ. ಸೊನ್ನೆಯಲ್ಲ, ಅದು 12ರಿಂದ 15 ವಾಟು ತಿನ್ನುತ್ತದೆ. ಲೆಡ್ಜರು ಬರೆದ ಕೈ ಲೆಕ್ಕ ಹಾಕದೆ ಬಿಡುವುದಿಲ್ಲ, ಕ್ಷಮಿಸಿ. ರಾತ್ರಿ 10 ಗಂಟೆ ಕಾಲ 15 ವಾಟಿನಂತೆ ತಿಂಗಳಿಗೆ ನಾಲ್ಕೂವರೆ ಯೂನಿಟ್ಟು. ಬ್ಯಾಂಕಿನಲ್ಲಿ ಇಂತಹ ಸೊನ್ನೆ ಬರೆದಿದ್ದರೆ ಆಡಿಟ್ಟಿನವರು ಸುಮ್ಮನಿರುತ್ತಿರಲಿಲ್ಲ.

ಮನೆಯ ಗೋಡೆಯಲ್ಲಿ ಕೂರುವಷ್ಟು ಚಿಕ್ಕ ಡಿಮ್ಮರನ್ನು ರೂಪಿಸಿದವರು ಅಮೆರಿಕದ ಜೋಯಲ್ ಸ್ಪೈರಾ. 1959ರಲ್ಲಿ ನ್ಯೂಯಾರ್ಕಿನ ತಮ್ಮ ಮನೆಯಲ್ಲೇ ಪ್ರಯೋಗ ಮಾಡಿ, 1961ರಲ್ಲಿ ಪತ್ನಿ ರೂತ್ ಅವರೊಂದಿಗೆ ಲುಟ್ರಾನ್ ಕಂಪೆನಿ ಕಟ್ಟಿದರು. ಮರುವರ್ಷ ಪೇಟೆಂಟು ಕೈಸೇರಿತು. ಅವರು ಸುರುಳಿಯನ್ನು ಕೈಬಿಟ್ಟು, ಆಗತಾನೇ ಬಂದಿದ್ದ ಥೈರಿಸ್ಟರ್ ಎಂಬ ಅರೆವಾಹಕವನ್ನು ಬಳಸಿದರು. ಮುಂದೆ ಅದರದ್ದೇ ಬಳಗದ ಟ್ರಯಾಕ್ ಬಂತು. ಇದರ ಕೆಲಸ ಹೀಗೆ: ನಮ್ಮ ಮನೆಯ ವಿದ್ಯುತ್ತು ಸೆಕೆಂಡಿಗೆ 50 ಬಾರಿ ಹಿಂದಕ್ಕೂ ಮುಂದಕ್ಕೂ ತೂಗುವಂಥದ್ದು, ಅಂದರೆ 100 ಅರ್ಧ ಅಲೆಗಳು. ಟ್ರಯಾಕ್ ಪ್ರತಿ ಅರ್ಧ ಅಲೆಯ ಮೊದಲ ತುಂಡನ್ನು ತಡೆದು, ಉಳಿದದ್ದನ್ನು ಮಾತ್ರ ಒಳಗೆ ಬಿಡುತ್ತದೆ. ಗುಬುಟನ್ನು ತಿರುಗಿಸಿದಷ್ಟೂ ತಡೆದ ತುಂಡು ದೊಡ್ಡದಾಗುತ್ತದೆ. ತಂತಿ ಆರುವಷ್ಟರಲ್ಲಿ ಮುಂದಿನ ತುಂಡು ಬರುವುದರಿಂದ ಕಣ್ಣಿಗೆ ಏನೂ ತಿಳಿಯುವುದಿಲ್ಲ. ಬೆಳಕನ್ನು ನಾಲ್ಕರಲ್ಲೊಂದಕ್ಕೆ ಇಳಿಸಿದರೂ ವಿದ್ಯುತ್ತು ಅರ್ಧಕ್ಕೇ ನಿಲ್ಲುವುದು ಮಾತ್ರ ತಪ್ಪಲಿಲ್ಲ. ಅದು ತಂತಿಯ ಸ್ವಭಾವ. ಆದರೂ ಬಲ್ಬಿನ ಆಯುಷ್ಯ ಬಹಳ ಹೆಚ್ಚಿತು.

ಉಳಿತಾಯದ ದಾರಿ ಇನ್ನೊಂದು ಕಡೆಯಿಂದ ಬಂತು. 1973ರ ತೈಲ ಬಿಕ್ಕಟ್ಟಿನ ಬಿಸಿಯಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪೆನಿಯ ಎಡ್ ಹ್ಯಾಮರ್ ಟ್ಯೂಬ್‌ಲೈಟಿನ ಕೊಳವೆಯನ್ನು ಚಕ್ಕುಲಿಯಂತೆ ಸುತ್ತಿ, 1976ರಲ್ಲಿ ಮನೆಯ ಬಲ್ಬಿನ ಜಾಗಕ್ಕೆ ಹೊಂದಿಸಿದರು. ಹೊಸ ಕಾರ್ಖಾನೆಗೆ ವಿಪರೀತ ಖರ್ಚೆಂದು ಕಂಪೆನಿ ಅದನ್ನು ಮೂಲೆಗಿಟ್ಟಿತು. ಫಿಲಿಪ್ಸ್ 1980ರಲ್ಲಿ ಬೇರೊಂದು ರೂಪದ್ದನ್ನು ಮಾರುಕಟ್ಟೆಗೆ ತಂದಿತು. ಸುಮಾರು ಅರ್ಧ ಕಿಲೋ ತೂಕ! 1985ರಲ್ಲಿ ಓಸ್ರಾಮ್ ಕಂಪೆನಿ ಚೋಕಿನ ಬದಲು ಬುಡದಲ್ಲೇ ಎಲೆಕ್ಟ್ರಾನಿಕ್ ಮಂಡಲ ಇಟ್ಟ ಮೇಲೆ ತೂಕ ಇಳಿಯಿತು. ಹೀಗೆ ಬೆಳೆದದ್ದೇ ನಾವೆಲ್ಲ ಸಿ.ಎಫ್.ಎಲ್. ಎಂದು ಕರೆದ ದೀಪ.

ಭಾರತ ಸರಕಾರ 2009ರಲ್ಲಿ ಬಚತ್ ಲ್ಯಾಂಪ್ ಯೋಜನೆ ತಂದಿತು. ಹಳೆಯ ಬಲ್ಬು ಕೊಟ್ಟು 15 ರೂಪಾಯಿ ತೆತ್ತರೆ ಒಂದು ಸಿ.ಎಫ್.ಎಲ್. ಕೇರಳದಲ್ಲಿ ಮನೆಗೆ ಎರಡರಂತೆ ಹಂಚಿದರು. 60 ವಾಟಿನ ಬಲ್ಬು ದಿನಕ್ಕೆ 5 ಗಂಟೆ ಉರಿದರೆ ತಿಂಗಳಿಗೆ 9 ಯೂನಿಟ್ಟು. 15 ವಾಟಿನ ಸಿ.ಎಫ್.ಎಲ್.ಗೆ ಎರಡೂಕಾಲು. ಜನ ಖುಷಿಯಿಂದ ತೆಗೆದುಕೊಂಡರು. ನಮ್ಮ ನೆರೆಮನೆಯವರ ಹೊಸ ಚಾವಡಿಯಲ್ಲಿ ಆಗ ತಾನೇ ಡಿಮ್ಮರ್ ಗುಬುಟು ಕೂರಿಸಿದ್ದರು. ಉಳಿತಾಯದ ಮೇಲೆ ಉಳಿತಾಯ ಎಂದು ಹೊಸ ದೀಪವನ್ನೂ ಅದಕ್ಕೇ ಹಾಕಿದರು. ಗುಬುಟು ಇಳಿಸಿದರೆ ದೀಪ ಗುಂಯ್ ಎನ್ನುತ್ತಿತ್ತು, ಹತ್ತಿ ಆರಿ ಹತ್ತಿ ಆರಿ ಕುಣಿಯುತ್ತಿತ್ತು. ಮೂರು ವಾರದೊಳಗೆ ಬುಡ ಕಪ್ಪಾಗಿ ಸತ್ತಿತು. ಕೂರಿಸಿದ ಕೆಲಸದವನು ದೀಪದ ಮೇಲೆ ಹಾಕಿದ, ದೀಪ ಮಾರಿದವನು ಕೆಲಸದವನ ಮೇಲೆ ಹಾಕಿದ. ಡಿಮ್ಮರಿನ ಜತೆ ಬಳಸಬಾರದೆಂಬ ಎಚ್ಚರಿಕೆ ಡಬ್ಬಿಯ ತಳದಲ್ಲಿ ಇಂಗ್ಲಿಷಿನಲ್ಲಿತ್ತು, ಇರುವೆಯಂಥ ಅಕ್ಷರದಲ್ಲಿ. ಆ ಮನೆಯ ಅಜ್ಜಿ ಓದಬಲ್ಲದ್ದು ಕನ್ನಡ ಒಂದೇ. ಔಷಧದ ಚೀಟಿಯಿಂದ ಹಿಡಿದು ದೀಪದ ಡಬ್ಬಿಯವರೆಗೆ ಗಡಿನಾಡಿನ ನಮಗೆ ಇದು ಹೊಸತಲ್ಲ.

ದೀಪ ಸತ್ತದ್ದೇಕೆ? ಸಿ.ಎಫ್.ಎಲ್.ನ ಬುಡದ ಮಂಡಲವು ಮೊದಲು ಬಂದ ವಿದ್ಯುತ್ತನ್ನು ಒಂದು ಕೆಪಾಸಿಟರಿನಲ್ಲಿ ತುಂಬಿಕೊಂಡು, ಆ ಮೇಲೆ ಕೊಳವೆಗೆ ಕೊಡುತ್ತದೆ. ತುಂಡರಿಸಿದ ಅಲೆ ಥಟ್ಟನೆ ನುಗ್ಗಿದರೆ ಅದು ಪ್ರತಿ ಬಾರಿಯೂ ಏಟು ತಿಂದ ಹಾಗೆ, ಬೇಗ ಕಾಯುತ್ತದೆ. ಇತ್ತ ಟ್ರಯಾಕಿಗೂ ತೆರೆದೇ ಇರಲು ಒಂದಿಷ್ಟು ಹರಿವು ಬೇಕು. ಸಣ್ಣ ದೀಪ ಅಷ್ಟನ್ನು ಎಳೆಯದಿದ್ದರೆ ಬಾಗಿಲು ಮಧ್ಯದಲ್ಲೇ ಮುಚ್ಚಿಕೊಳ್ಳುತ್ತದೆ. ಅದೇ ಆ ಕುಣಿತ. ಡಿಮ್ಮರಿಗೆಂದೇ ಮಾಡಿದ ಸಿ.ಎಫ್.ಎಲ್.ಗಳೂ ಬಂದವು, ಆದರೆ ಬೆಲೆ ಹೆಚ್ಚು. ಹಂಚಿದ ದೀಪಗಳು ಆ ಜಾತಿಯವಲ್ಲ.

ಆಮೇಲಿನದ್ದು ನಿಮಗೆಲ್ಲ ಗೊತ್ತಿರುವುದೇ. ನೀಲಿ ಎಲ್.ಇ.ಡಿ. ಕಂಡುಹಿಡಿದದ್ದಕ್ಕಾಗಿ ಅಕಸಾಕಿ, ಅಮಾನೊ, ನಕಾಮುರಾ ಎಂಬ ಮೂವರಿಗೆ 2014ರಲ್ಲಿ ನೊಬೆಲ್ ಬಂತು. ಸರಕಾರದ ಸಗಟು ಖರೀದಿಯಲ್ಲಿ ಅದೇ ವರ್ಷ 310 ರೂಪಾಯಿ ಇದ್ದ ಎಲ್.ಇ.ಡಿ. ಬಲ್ಬು, ಉಜಾಲಾ ಯೋಜನೆಯ ದೆಸೆಯಿಂದ 2016ರ ಹೊತ್ತಿಗೆ 38ಕ್ಕೆ ಇಳಿಯಿತು. ನಮ್ಮ ಜಿಲ್ಲೆಯ ಪಿಲಿಕೋಡು ಪಂಚಾಯತು ತಂತಿಯ ಬಲ್ಬನ್ನು ಪೂರ್ತಿ ಬಿಟ್ಟ ದೇಶದ ಮೊದಲ ಪಂಚಾಯತೆಂದು ಹೆಸರು ಪಡೆಯಿತು. 9 ವಾಟಿನ ಎಲ್.ಇ.ಡಿ. ಪೂರ್ತಿ ಉರಿದರೂ ಆ ಜೀರೋ ಬಲ್ಬಿಗಿಂತ ಕಡಿಮೆ ತಿನ್ನುತ್ತದೆ, ಅದರಡಿಯಲ್ಲಿ ಪೇಪರನ್ನೂ ಓದಬಹುದು!

ಹದ ಮಾಡುವುದಕ್ಕೂ ಎಲ್.ಇ.ಡಿ. ಒಗ್ಗುತ್ತದೆ. ಬೆಳಕು ಇಳಿಸಿದಂತೆ ವಿದ್ಯುತ್ತೂ ಹೆಚ್ಚುಕಡಿಮೆ ಅದೇ ಪ್ರಮಾಣದಲ್ಲಿ ಇಳಿಯುತ್ತದೆ, ಲಾಟೀನಿನ ತಿರುಪಿನಂತೆಯೇ. ಬಣ್ಣ ಮಾತ್ರ ಹಳೆಯ ಬಲ್ಬಿನಂತೆ ಕೆಂಪಿಗೆ ತಿರುಗುವುದಿಲ್ಲ. ಆದರೆ ಎಲ್ಲ ಎಲ್.ಇ.ಡಿ.ಯೂ ಇದಕ್ಕೆ ಆಗದು. ಡಬ್ಬಿಯ ಮೇಲೆ ‘ಡಿಮ್ಮಬಲ್’ ಎಂದು ಇರಬೇಕು, ಇಲ್ಲವಾದರೆ ಸಿ.ಎಫ್.ಎಲ್.ನ ಗತಿಯೇ. ಗುಬುಟು ಯಾವುದೆಂದೂ ನೋಡಬೇಕು. ಹಳೆಯ ಡಿಮ್ಮರುಗಳು ಕನಿಷ್ಠ 40, 60 ವಾಟಿನ ಹೊರೆ ಕೇಳುವಂಥವು. ಒಂದೆರಡು ಎಲ್.ಇ.ಡಿ. ಸೇರಿಸಿದರೂ ಅಷ್ಟಾಗುವುದಿಲ್ಲ. ಎಲ್.ಇ.ಡಿ.ಗೆಂದೇ ಮಾಡಿದ ಡಿಮ್ಮರುಗಳು ಈಗ ಸಿಗುತ್ತವೆ. ಅವುಗಳಲ್ಲಿ ಹಲವು ಅಲೆಯ ಮೊದಲ ತುಂಡಿನ ಬದಲು ಕೊನೆಯ ತುಂಡನ್ನು ಕತ್ತರಿಸುವುದರಿಂದ ಆ ಏಟು ಬೀಳುವುದಿಲ್ಲ.

ನೆರೆಮನೆಯವರು ಕೊನೆಗೆ ಆ ಗುಬುಟನ್ನೇ ತೆಗೆಸಿ, ಅದೇ ಜಾಗಕ್ಕೆ ಸಾದಾ ಸ್ವಿಚ್ಚು ಹಾಕಿಸಿದರು. ಅರ್ಧ ಗಂಟೆಯ ಕೆಲಸ. ಅಜ್ಜಿಯ ಕೋಣೆಗೆ ಅರ್ಧ ವಾಟಿನದ್ದೊಂದು ಎಲ್.ಇ.ಡಿ. ರಾತ್ರಿದೀಪ ಬಂತು, ಇಡೀ ರಾತ್ರಿ ಉರಿಯುತ್ತದೆ.