ಜಪಾನಿನಿಂದ ತಂದ ಪಾಠ

ಒಂದು ನಾಡಿನ ಶಾಲೆಗಳನ್ನು ಇನ್ನೊಂದು ನಾಡಿನ ಶಾಲೆಗಳ ಜೊತೆ ಹೋಲಿಸಿ ನೋಡುವ ಅಧ್ಯಯನಕ್ಕೆ ತೌಲನಿಕ ಶಿಕ್ಷಣವೆಂದು ಹೆಸರು. ಯುರೋಪಿನ ದೇಶಗಳಿಗೆಲ್ಲ ಒಂದೇ ಪ್ರಶ್ನಾವಳಿ ಕಳಿಸಿ, ಬಂದ ಉತ್ತರಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡುವ ಯೋಜನೆಯನ್ನು ಫ್ರಾನ್ಸಿನ ಜೂಲಿಯೆನ್ 1817ರಲ್ಲೇ ಮುಂದಿಟ್ಟಿದ್ದ. ಇಂದು ಯುನೆಸ್ಕೋ, ವಿಶ್ವಬ್ಯಾಂಕುಗಳು ಬಡ ದೇಶಗಳಿಗೆ ಕೊಡುವ ಸಲಹೆ, ಸಾಲಗಳ ಹಿಂದೆಯೂ ಇಂಥ ಹೋಲಿಕೆಗಳಿವೆ. ಇದು ಪಶ್ಚಿಮದವರಷ್ಟೇ ಮಾಡಿದ ಕೆಲಸವೆಂದು ತಿಳಿಯಬೇಕಿಲ್ಲ. ಬೀದರ್, ಕಲಬುರಗಿ, ರಾಯಚೂರುಗಳು ಸೇರಿದ್ದ ಹೈದರಾಬಾದ್ ಸಂಸ್ಥಾನದಿಂದ 1922ರಲ್ಲಿ ಒಬ್ಬರು ಇದಕ್ಕಾಗಿಯೇ ಜಪಾನಿಗೆ ಹೋಗಿದ್ದರು.

ಅವರು ಸೈಯದ್ ರಾಸ್ ಮಸೂದ್. ಅಲಿಗಢದ ಸರ್ ಸೈಯದ್ ಅಹ್ಮದ್ ಖಾನರ ಮೊಮ್ಮಗ, ಸಂಸ್ಥಾನದ ಶಿಕ್ಷಣ ಇಲಾಖೆಯ ನಿರ್ದೇಶಕರು. ಅಲ್ಲಿ 1918ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ಸ್ಥಾಪನೆಯಾಗಿತ್ತು. ಇತಿಹಾಸದಿಂದ ವಿಜ್ಞಾನದವರೆಗೆ ಎಲ್ಲವನ್ನೂ ಉರ್ದುವಿನಲ್ಲಿ ಕಲಿಸಬೇಕೆಂಬುದು ಅದರ ಸಂಕಲ್ಪ. ಪಠ್ಯಗಳನ್ನು ಉರ್ದುವಿಗೆ ತರಲು ದಾರುಲ್ ತರ್ಜುಮಾ ಎಂಬ ಅನುವಾದ ಸಂಸ್ಥೆಯೂ ಇತ್ತು. ಇಂಗ್ಲಿಷಿಲ್ಲದೆ ಉನ್ನತ ಶಿಕ್ಷಣವುಂಟೇ ಎಂದು ಹುಬ್ಬೇರಿಸುವವರಿದ್ದ ಕಾಲದಲ್ಲಿ ಇದು ಸಣ್ಣ ಸಾಹಸವಲ್ಲ.

ಜಪಾನು ಇದಕ್ಕೆ ಉತ್ತರದಂತಿತ್ತು. 1872ರಲ್ಲಿ ಶಿಕ್ಷಣ ವ್ಯವಸ್ಥೆಯನ್ನು ಹೊಸದಾಗಿ ಕಟ್ಟುವಾಗ ಅದು ಆಡಳಿತದ ಮಾದರಿಯನ್ನು ಫ್ರಾನ್ಸಿನಿಂದ ತಂದಿತ್ತು. ಮೊದಮೊದಲು ವಿದೇಶಿ ಪ್ರಾಧ್ಯಾಪಕರು ತಮ್ಮ ತಮ್ಮ ಭಾಷೆಗಳಲ್ಲೇ ಪಾಠ ಮಾಡಿದರು. ಹೊರದೇಶಗಳಲ್ಲಿ ಕಲಿತ ಜಪಾನೀಯರು ಮರಳಿ ಬಂದು ಆ ಸ್ಥಾನಗಳಲ್ಲಿ ಕುಳಿತಂತೆ ಪಾಠ ಜಪಾನಿ ಭಾಷೆಗೆ ಹೊರಳಿತು. ಕಡ ತಂದ ವಿದ್ಯೆ ಮನೆಯ ಸೊತ್ತಾಯಿತು. ಮಸೂದರು ಇದನ್ನೆಲ್ಲ ಕಂಡು 1923ರಲ್ಲಿ ಜಪಾನಿನ ಶಿಕ್ಷಣ ವ್ಯವಸ್ಥೆಯ ಕುರಿತು ಗ್ರಂಥವೊಂದನ್ನು ಪ್ರಕಟಿಸಿದರು. ಸ್ವಂತ ಭಾಷೆಯನ್ನು ಬಿಡದೆಯೂ ಆಧುನಿಕರಾಗಬಹುದು ಎಂಬುದು ಅವರು ತಂದ ಪಾಠ.

ಪಾಠ ಸರಿಯಾಗಿಯೇ ಇತ್ತು. ಆದರೆ ಅದನ್ನು ಹೈದರಾಬಾದಿಗೆ ಅನ್ವಯಿಸುವಾಗ ಒಂದು ಪ್ರಶ್ನೆ ಹಿಂದುಳಿಯಿತು: ಯಾರ ಸ್ವಂತ ಭಾಷೆ? ಜಪಾನಿನ ಮಗುವಿಗೆ ಶಾಲೆಯ ಭಾಷೆ ಹೆಚ್ಚುಕಡಿಮೆ ಮನೆಯ ಭಾಷೆಯೇ. ಹೈದರಾಬಾದಿನಲ್ಲಿ ಉರ್ದು ಮನೆಮಾತಿನವರು ಹತ್ತರಲ್ಲಿ ಒಂದು ಪಾಲಿನ ಆಸುಪಾಸು. ಉಳಿದವರ ಮಾತು ತೆಲುಗು, ಮರಾಠಿ, ಕನ್ನಡ. ಕೆಳ ತರಗತಿಗಳಲ್ಲಿ ಈ ಭಾಷೆಗಳಿಗೆ ಅಷ್ಟಿಷ್ಟು ಜಾಗವಿದ್ದರೂ ಮೇಲೇರಿದಂತೆ ಉರ್ದು ಅನಿವಾರ್ಯವಾಗುತ್ತಿತ್ತು. ಕಲಬುರಗಿಯ ರೈತನ ಮಗನಿಗೆ ಇಂಗ್ಲಿಷಿನ ಬದಲು ಇನ್ನೊಂದು ಕಲಿತ ಭಾಷೆ ಎದುರಾಯಿತು, ಅಷ್ಟೆ. ಉರ್ದುವಿನಲ್ಲೂ ಕನ್ನಡದಲ್ಲೂ ಓದಿದ ನಾವು ಇದನ್ನು ಯಾವ ಕಹಿಯೂ ಇಲ್ಲದೆ ಹೇಳಬಹುದು. ತಪ್ಪು ಉರ್ದುವಿನದಲ್ಲ, ಅರಮನೆಯ ಭಾಷೆಯನ್ನೇ ಪ್ರಜೆಗಳ ತಾಯಿನುಡಿ ಎಂದುಕೊಂಡದ್ದರದು.

ಇಂಗ್ಲೆಂಡಿನ ಮೈಕಲ್ ಸ್ಯಾಡ್ಲರ್ 1900ರಲ್ಲೇ ಇಂಥದೊಂದು ಎಚ್ಚರಿಕೆ ಕೊಟ್ಟಿದ್ದರು. ಶಾಲೆಯ ಒಳಗಿರುವುದಕ್ಕಿಂತ ಹೊರಗಿರುವುದು ಮುಖ್ಯ, ಪರನಾಡಿನ ಗಿಡದಿಂದ ಹೂ ಕಿತ್ತು ತಂದು ನೆಟ್ಟರೆ ಬೇರು ಬಿಡದು ಎಂಬುದು ಅವರ ಮಾತಿನ ಸಾರ. ಇದೇ ಸ್ಯಾಡ್ಲರ್ 1917ರಲ್ಲಿ ಕಲಕತ್ತಾ ವಿಶ್ವವಿದ್ಯಾಲಯ ಆಯೋಗದ ಅಧ್ಯಕ್ಷರಾಗಿ ಭಾರತಕ್ಕೂ ಬಂದಿದ್ದರು.

1948ರಲ್ಲಿ ಹೈದರಾಬಾದ್ ಭಾರತದಲ್ಲಿ ವಿಲೀನವಾದ ಬಳಿಕ ಉಸ್ಮಾನಿಯಾದ ಬೋಧನೆ ಇಂಗ್ಲಿಷಿಗೆ ಹೊರಳಿತು. ಉರ್ದುವಿನ ಜಾಗಕ್ಕೆ ಕನ್ನಡವಾಗಲಿ ತೆಲುಗಾಗಲಿ ಬರಲಿಲ್ಲ. ಅನುವಾದಕರ ಮೂರು ದಶಕಗಳ ಶ್ರಮ ಕಪಾಟು ಸೇರಿತು. ಮಗು ಕಲಿಯಲು ಅತ್ಯುತ್ತಮ ಮಾಧ್ಯಮ ಅದರ ತಾಯಿನುಡಿಯೇ ಎಂದು ಯುನೆಸ್ಕೋದ ವರದಿ ಹಲವು ದೇಶಗಳ ಅನುಭವವನ್ನು ಮುಂದಿಟ್ಟು ಹೇಳಿದ್ದು ಅದಾಗಿ ಐದು ವರ್ಷಕ್ಕೆ, 1953ರಲ್ಲಿ.

ಈಗ ಹೋಲಿಕೆಗೆ ಅಂಕಪಟ್ಟಿ ಬಂದಿದೆ. 2000ದಿಂದ ನಡೆಯುತ್ತಿರುವ ಪೀಸಾ ಪರೀಕ್ಷೆ ದೇಶಗಳಿಗೆ ಶ್ರೇಯಾಂಕ ಕೊಡುತ್ತದೆ. ಮೇಲಿರುವ ದೇಶವನ್ನು ನಕಲು ಮಾಡುವ ಆತುರ ಎಲ್ಲರಿಗೂ. ಪರರ ಶಾಲೆಗಳನ್ನು ನೋಡಲೇಬೇಕು. ಮಸೂದರು ಸಮುದ್ರ ದಾಟಿ ನೋಡಿದರೆಂಬುದು ಅವರ ಹಿರಿಮೆ. ಆದರೆ ನೋಡಿ ಬಂದವರು ಯೋಜನೆ ಬರೆಯುವ ಮೊದಲು ನಮ್ಮ ಶಾಲೆಯ ಕೊನೆಯ ಸಾಲಿನ ಮಗುವನ್ನೂ ಒಮ್ಮೆ ಮಾತಾಡಿಸಬೇಕು. ಅದು ಯಾವ ಭಾಷೆಯಲ್ಲಿ ಉತ್ತರಿಸುತ್ತದೆಯೋ ಅಲ್ಲಿಂದಲೇ ಪಾಠ ಶುರುವಾಗಬೇಕು.