ಗಾರೆಯ ಮೇಲಣ ಬಣ್ಣ: ರೋಮನ್ನರ ಮನೆಗೋಡೆಗಳಿಂದ ಒಂದು ಪಾಠ

ಮನೆಯಲ್ಲಿ ಶುಭಕಾರ್ಯ ಗೊತ್ತಾದೊಡನೆ, ಬಸದಿಯಲ್ಲಿ ಪಂಚಕಲ್ಯಾಣ ನಿಶ್ಚಯವಾದೊಡನೆ ಎಲ್ಲರ ದೃಷ್ಟಿ ಮೊದಲು ಗೋಡೆಗಳ ಮೇಲೆ ಬೀಳುತ್ತದೆ. ಬುಡದಲ್ಲಿ ತೇವ ಏರಿದೆ, ನಡುವೆ ಗಾರೆ ಉಬ್ಬಿದೆ, ಹಳೆಯ ಗೋಡೆ ಎಲ್ಲಿಯೂ ಸಮವಾಗಿಲ್ಲ. ಪೇಂಟ್ ಅಂಗಡಿಯವರು ಇದಕ್ಕೆ ಸಿದ್ಧ ಪರಿಹಾರವನ್ನು ಹೇಳುತ್ತಾರೆ. ಉಬ್ಬುತಗ್ಗು ಕಾಣದಂತೆ ಟೆಕ್ಸ್ಚರ್ ಪೇಂಟ್ ಹಚ್ಚಬಹುದು. ಸ್ಪಂಜಿನಿಂದ ಒತ್ತಿ, ಬಟ್ಟೆಯ ಉಂಡೆಯಿಂದ ಉರುಳಿಸಿ ಎರಡು ಛಾಯೆಗಳನ್ನು ಬೆರೆಸಬಹುದು. ಅಮೃತಶಿಲೆಯ ಗೆರೆಗಳನ್ನೇ ಎಳೆದುಬಿಡಬಹುದು. ಇವೆಲ್ಲ ಹೊಸ ಶೋಧಗಳೆಂದು ನಾವು ತಿಳಿದಿದ್ದೇವೆ. ವಾಸ್ತವವಾಗಿ ದೋಷವುಳ್ಳ ಗೋಡೆಯನ್ನು ಬಣ್ಣದಿಂದ ಅಲಂಕರಿಸುವ ವಿದ್ಯೆ ಎರಡು ಸಾವಿರ ವರ್ಷಗಳ ಹಿಂದೆಯೇ ರೋಮ್ ನಗರದಲ್ಲಿ ಪ್ರೌಢಾವಸ್ಥೆಯನ್ನು ತಲುಪಿತ್ತು. ಅದರೊಡನೆಯೇ ಅದರ ನೀತಿಯ ಪ್ರಶ್ನೆಯೂ ಹುಟ್ಟಿತ್ತು.

ಈ ವಿಷಯದಲ್ಲಿ ನಮಗೆ ಮುಖ್ಯ ಆಧಾರ ವಿಟ್ರೂವಿಯಸ್ ಎಂಬ ವಾಸ್ತುಶಿಲ್ಪಿ. ಕ್ರಿಸ್ತಪೂರ್ವ ಒಂದನೆಯ ಶತಮಾನದ ಉತ್ತರಾರ್ಧದಲ್ಲಿ ಆತ ಲ್ಯಾಟಿನ್ ಭಾಷೆಯಲ್ಲಿ ಹತ್ತು ಭಾಗಗಳ ವಾಸ್ತುಗ್ರಂಥವನ್ನು ರಚಿಸಿ ಚಕ್ರವರ್ತಿ ಆಗಸ್ಟಸನಿಗೆ ಅರ್ಪಿಸಿದನು. ಅದರ ಏಳನೆಯ ಭಾಗ ನೆಲ, ಗಾರೆ ಮತ್ತು ಬಣ್ಣಗಳಿಗೆ ಮೀಸಲು. ಅದರಲ್ಲಿ ವಿಷಯಗಳನ್ನು ಅಳವಡಿಸಿದ ಕ್ರಮವೇ ಗಮನಾರ್ಹ. ಬಣ್ಣದ ಮಾತು ಬರುವ ಮುನ್ನ ಸುಣ್ಣದ ಮಾತು ಬರುತ್ತದೆ. ಅಂದವಾದ ಗೋಡೆಯ ಮಾತಿನ ಬೆನ್ನಿಗೇ ತೇವದ ಗೋಡೆಯ ಮಾತು ಬರುತ್ತದೆ.

ಸುಣ್ಣವನ್ನು ಬಳಸುವುದಕ್ಕೆ ಬಹಳ ಮುಂಚೆಯೇ ನೀರಿನಲ್ಲಿ ನೆನೆಹಾಕಿ ಅರಳಿಸಬೇಕು. ಅವಸರದಲ್ಲಿ ಅರಳಿಸಿದ ಸುಣ್ಣದಲ್ಲಿ ಬೇಯದ ಹರಳುಗಳು ಉಳಿದು, ಗೋಡೆಗೆ ಬಳಿದ ಮೇಲೆ ಅವು ಸಿಡಿದು ಮೈಯೆಲ್ಲ ಗುಳಿ ಬೀಳುತ್ತದೆ. ಇದನ್ನು ಪರೀಕ್ಷಿಸಲು ಅವನು ಹೇಳುವ ಉಪಾಯ ಸರಳವಾದುದು. ನೆನೆದ ಸುಣ್ಣವನ್ನು ಬಾಚಿಯಿಂದ ಮರ ಕೆತ್ತುವಂತೆ ಕೊಚ್ಚಬೇಕು. ಅಲಗಿಗೆ ಹರಳು ತಗುಲಿದರೆ ಸುಣ್ಣ ಇನ್ನೂ ಹದಗೊಂಡಿಲ್ಲ. ಅಲಗು ಒಣಗಿ ಶುಭ್ರವಾಗಿ ಹೊರಬಂದರೆ ಸುಣ್ಣ ನಿಸ್ಸತ್ತ್ವ. ಅಂಟಿನಂತೆ ಹಿಡಿದುಕೊಂಡರೆ ಸರಿಯಾಗಿದೆ. ಅನಂತರ ಒರಟು ಗಾರೆ, ಅದರ ಮೇಲೆ ಮರಳುಗಾರೆಯ ಕನಿಷ್ಠ ಮೂರು ಪದರ, ಅದರ ಮೇಲೆ ಅಮೃತಶಿಲೆಯ ಪುಡಿ ಬೆರೆತ ಮೂರು ಪದರ. ಈ ಪುಡಿ ಮೊದಲು ದಪ್ಪ, ಆಮೇಲೆ ಮಧ್ಯಮ, ಕೊನೆಗೆ ನಯ. ಗೋಡೆಯ ಉದ್ದವನ್ನು ದಾರ ಮತ್ತು ಮಟ್ಟಗೋಲಿನಿಂದಲೂ ಎತ್ತರವನ್ನು ತೂಗುಗುಂಡಿನಿಂದಲೂ ನೋಡಿಕೊಳ್ಳಬೇಕು. ಹೀಗೆ ವಕ್ರವಾದ ಗೋಡೆ ನೇರಗೊಳ್ಳುವುದು ಗಾರೆಯಲ್ಲಿಯೇ, ಬಣ್ಣದಲ್ಲಿ ಅಲ್ಲ. ಗಾರೆ ಹಸಿಯಿರುವಾಗಲೇ ಹಚ್ಚಿದ ಬಣ್ಣ ಅದರೊಡನೆ ಒಂದಾಗಿ ನಿಲ್ಲುತ್ತದೆ. ಒಂದೇ ಪದರ ಮರಳು, ಒಂದೇ ಪದರ ನಯಗಾರೆ ಬಳಿದು ಮುಗಿಸುವವರನ್ನು ಆತ ಮೆಚ್ಚುವುದಿಲ್ಲ. ಅಂಥ ತೆಳು ಗಾರೆ ಬೇಗ ಬಿರಿಯುತ್ತದೆ, ಹೊಳಪನ್ನೂ ಉಳಿಸಿಕೊಳ್ಳುವುದಿಲ್ಲ.

ತೇವದ ಗೋಡೆಯ ಬಗ್ಗೆ ಅವನು ಹೇಳಿರುವುದನ್ನು ನಮ್ಮ ಟ್ರಸ್ಟುಗಳ ಕಟ್ಟಡ ಸಮಿತಿಗಳು ಅವಶ್ಯವಾಗಿ ಓದಬೇಕು. ನೆಲದಿಂದ ಸುಮಾರು ಮೂರು ಅಡಿ ಎತ್ತರದವರೆಗೆ ಮರಳಿಗೆ ಬದಲಾಗಿ ಸುಟ್ಟ ಇಟ್ಟಿಗೆಯ ಪುಡಿಯ ಗಾರೆ ಹಾಕಬೇಕು ಎನ್ನುತ್ತಾನೆ. ನಾವು ಸುರ್ಕಿ ಎನ್ನುವುದು ಇದನ್ನೇ. ಅಷ್ಟಕ್ಕೂ ತೇವ ನಿಲ್ಲದಿದ್ದರೆ ಗೋಡೆಯ ಮುಂದೆ ಸ್ವಲ್ಪ ಅಂತರ ಬಿಟ್ಟು ಇನ್ನೊಂದು ತೆಳುಗೋಡೆಯನ್ನು ಎಬ್ಬಿಸಿ, ನಡುವೆ ನೆಲಮಟ್ಟಕ್ಕಿಂತ ಕೆಳಗೆ ಕಾಲುವೆ ತೆಗೆದು, ನೀರಿಗೆ ಹೊರದಾರಿಯನ್ನೂ ಮೇಲ್ಗಡೆ ಗಾಳಿಗೆ ಕಂಡಿಯನ್ನೂ ಬಿಡಬೇಕು. ಅಲಂಕಾರ ಅದಾದ ಮೇಲೆ. ಹೊಗೆ ಮತ್ತು ದೀಪದ ಮಸಿ ಹಿಡಿಯುವ ಚಳಿಗಾಲದ ಊಟದ ಕೋಣೆಗಳಲ್ಲಿ ಸೂಕ್ಷ್ಮ ಚಿತ್ರಗಳೇ ಬೇಡ, ನುಣುಪಾದ ಕಪ್ಪು ಫಲಕಗಳು ಸಾಕು ಎಂಬ ಸಲಹೆಯೂ ಅಲ್ಲಿದೆ. ನಮ್ಮ ಹಿರಿಯರು ಮನೆಯ ಗೋಡೆಯ ಬುಡಕ್ಕೆ ಕೆಮ್ಮಣ್ಣಿನ ಪಟ್ಟೆ ಬಳಿಯುತ್ತಿದ್ದುದು ಇದೇ ಬಗೆಯ ಲೋಕಜ್ಞಾನ. ಮಳೆಯ ಸಿಡಿತ, ಕಾಲಿನ ಧೂಳು ಎಲ್ಲಿ ತಗುಲುವುದೋ ಅಲ್ಲಿಗೆ ತಕ್ಕ ಬಣ್ಣ.

ಇಲ್ಲಿ ಒಂದು ಆಕ್ಷೇಪ ಬರಬಹುದು. ರೋಮನ್ನರು ಸಾಧಾರಣ ಗೋಡೆಯನ್ನು ಅಮೃತಶಿಲೆಯಂತೆ ತೋರಿಸುತ್ತಿದ್ದರಲ್ಲ, ಅದು ಮಾಯಾಚಾರವಲ್ಲವೇ? ಕ್ರಿಸ್ತಪೂರ್ವ ಎರಡನೆಯ ಶತಮಾನದ ಪೊಂಪೇಯಿ ಪಟ್ಟಣದ ಮನೆಗಳಲ್ಲಿ ಗಾರೆಯನ್ನು ಕಲ್ಲಿನ ಪಾಳಿಗಳಂತೆ ಉಬ್ಬಿಸಿ, ಒಂದೊಂದಕ್ಕೂ ಬಣ್ಣದ ಶಿಲೆಯ ಛಾಯೆ ಕೊಟ್ಟಿದ್ದಾರೆ. ನನ್ನ ಅಭಿಪ್ರಾಯದಲ್ಲಿ ಇದು ವಂಚನೆಯಲ್ಲ. ನೋಡುವವನಿಗೆ ಅದು ಗಾರೆಯೆಂದು ಗೊತ್ತು, ಮಾಡಿದವನಿಗೂ ಗೊತ್ತು. ಇಬ್ಬರೂ ಸೇರಿ ಕೈಚಳಕವನ್ನು ಆನಂದಿಸುತ್ತಾರೆ. ಒಳಗೆ ನೆನೆಯುತ್ತಿರುವ ಗೋಡೆಗೆ ಪಟ್ಟಿ ಮೆತ್ತಿ, ಮೇಲೆ ಟೆಕ್ಸ್ಚರ್ ಹಚ್ಚಿ, ಮಳೆಗಾಲಕ್ಕೆ ಮುನ್ನ ಮನೆಯನ್ನು ಮಾರುವವನ ಬಣ್ಣ ಬೇರೆ ಜಾತಿಯದು. ಕೊಳ್ಳುವವನಿಗೆ ತಿಳಿಯಬಾರದೆಂಬ ಉದ್ದೇಶ ಅದರಲ್ಲಿದೆ. ವ್ಯಾಪಾರದಲ್ಲಿ ಇದಕ್ಕೆ ಅನೇಕ ಸಭ್ಯ ಹೆಸರುಗಳುಂಟು.

ಇನ್ನು ಬಣ್ಣದ ಲೆಕ್ಕ. ವ್ಯಾಪಾರಿಯ ಕಣ್ಣಿಗೆ ಈ ಭಾಗವೇ ಅತ್ಯಂತ ಸ್ವಾರಸ್ಯಕರ. ರೋಮನ್ನರ ಅತಿ ದುಬಾರಿ ಬಣ್ಣಗಳಲ್ಲಿ ಇಂಗಲೀಕವೂ ಒಂದು, ಅಂದರೆ ಪಾದರಸದ ಅದಿರಿನಿಂದ ಬರುವ ಕೆಂಪು. ಕ್ರಿಸ್ತಶಕ 79ರಲ್ಲಿ ಮಡಿದ ಪ್ಲಿನಿ ಎಂಬ ಗ್ರಂಥಕರ್ತನು ಅದರ ವೃತ್ತಾಂತವನ್ನು ಬರೆದಿಟ್ಟಿದ್ದಾನೆ. ಸ್ಪೇನ್ ದೇಶದ ಗಣಿಯಿಂದ ವರ್ಷಕ್ಕೆ ಸುಮಾರು ಎರಡು ಸಾವಿರ ಪೌಂಡ್ ಅದಿರು ಮುದ್ರೆಯೊತ್ತಿ ರೋಮಿಗೆ ಬರುತ್ತಿತ್ತು. ಬೆಲೆ ಮಿತಿಮೀರದಂತೆ ಪೌಂಡಿಗೆ 70 ಸೆಸ್ಟರ್ಸ್ ಎಂದು ಕಾನೂನೇ ನಿಗದಿ ಮಾಡಿತ್ತು. ಆದರೂ ಕಲಬೆರಕೆ ನಿಲ್ಲಲಿಲ್ಲ. ಬೆಲೆಬಾಳುವ ಬಣ್ಣಗಳನ್ನು ಮನೆಯ ಯಜಮಾನನೇ ತಂದುಕೊಡುವುದು ಪದ್ಧತಿ. ಚಿತ್ರಕಾರನು ಕುಂಚವನ್ನು ಮತ್ತೆ ಮತ್ತೆ ನೀರಿನಲ್ಲಿ ಅದ್ದಿ ತೊಳೆಯುವನು. ಭಾರವಾದ ಬಣ್ಣ ತಳದಲ್ಲಿ ನಿಂತು ಅವನ ಪಾಲಾಗುವುದು! ಕಲಬೆರಕೆಯನ್ನು ಕಂಡುಹಿಡಿಯಲು ವಿಟ್ರೂವಿಯಸ್ ಕಬ್ಬಿಣದ ತಗಡಿನ ಪರೀಕ್ಷೆ ಹೇಳುತ್ತಾನೆ. ತಗಡಿನ ಮೇಲೆ ಬಣ್ಣವಿಟ್ಟು ಕಾಯಿಸಿದಾಗ ಅದು ಕಪ್ಪಾಗುತ್ತದೆ. ಆರಿದ ಮೇಲೆ ಮೊದಲಿನ ಕೆಂಪು ಮರಳಿದರೆ ಅಪ್ಪಟ. ಕಪ್ಪಾಗಿಯೇ ಉಳಿದರೆ ಬೆರಕೆ. ನಮ್ಮ ತತ್ತ್ವಾರ್ಥಸೂತ್ರದಲ್ಲಿ ಅಚೌರ್ಯಾಣುವ್ರತದ ಅತಿಚಾರಗಳ ಪೈಕಿ ಪ್ರತಿರೂಪಕ ವ್ಯವಹಾರವೆಂಬುದು ಇದೇ ಅಲ್ಲವೇ? ಕಲಬೆರಕೆಯನ್ನು ಕಳವಿನ ಸಾಲಿನಲ್ಲಿ ಕೂರಿಸಿದ ಆಚಾರ್ಯರಿಗೆ ಪೇಟೆಯ ಸ್ವಭಾವ ಚೆನ್ನಾಗಿ ತಿಳಿದಿತ್ತು.

ಅಪ್ಪಟ ಬಣ್ಣವೂ ಮಾಲೀಕನ ಕೈಬಿಡಬಹುದು. ಫೇಬೇರಿಯಸ್ ಎಂಬ ಲಿಪಿಕಾರನು ಅವೆಂಟೈನ್ ಬೆಟ್ಟದ ಮೇಲಿನ ತನ್ನ ಮನೆಯ ಕಂಬಸಾಲಿನ ತೆರೆದ ಅಂಗಳದ ಗೋಡೆಗಳಿಗೆಲ್ಲ ಇಂಗಲೀಕ ಹಚ್ಚಿಸಿದನು. ಮೂವತ್ತು ದಿನಗಳಲ್ಲಿ ಅದು ಕಲೆಕಲೆಯಾಗಿ ಕೆಟ್ಟು, ಬೇರೆ ಬಣ್ಣಗಳಿಗೆ ಮತ್ತೊಮ್ಮೆ ಗುತ್ತಿಗೆ ಕೊಡಬೇಕಾಯಿತು. ಬಿಸಿಲು ಬೀಳುವ ಜಾಗಕ್ಕೆ ಸಲ್ಲದ ಬಣ್ಣವದು. ಅಂಥಲ್ಲಿ ಕರಗಿಸಿದ ಮೇಣವನ್ನು ಸ್ವಲ್ಪ ಎಣ್ಣೆಯೊಡನೆ ಬಳಿದು, ಕೆಂಡದ ಶಾಖ ಕೊಟ್ಟು, ಬಟ್ಟೆಯಿಂದ ಉಜ್ಜಿ ರಕ್ಷಿಸಬೇಕಾಗಿತ್ತು. ನೆರೆಯವರಿಗಿಂತ ಕೆಂಪಾಗಿ ಕಾಣುವ ಆತುರದಲ್ಲಿ ಒಂದೇ ಗೋಡೆಗೆ ಎರಡು ಸಲ ಹಣ ಸುರಿದ ಫೇಬೇರಿಯಸನನ್ನು ನಮ್ಮ ಊರುಗಳಲ್ಲಿಯೂ ಹುಡುಕಬಹುದು.

ಇದಕ್ಕಿಂತ ಗುರುತರವಾದುದು ಹಿಂಸೆಯ ವಿಷಯ. ಕೆಂಪು ಬಣ್ಣದ ಕಾರ್ಖಾನೆಗಳಲ್ಲಿ ದುಡಿಯುವವರು ಮಾರಕ ಧೂಳು ಉಸಿರಿನೊಳಗೆ ಹೋಗದಂತೆ ಮುಖಕ್ಕೆ ಸಡಿಲವಾದ ಚೀಲ ಕಟ್ಟಿಕೊಳ್ಳುತ್ತಿದ್ದರೆಂದು ಪ್ಲಿನಿ ತಿಳಿಸುತ್ತಾನೆ. ಸೀಸವೂ ಅದರಿಂದಾಗುವ ಬಿಳಿ ಬಣ್ಣವೂ ದೇಹಕ್ಕೆ ಕೇಡೆಂದು, ಸೀಸದ ಕೆಲಸಗಾರರ ಬಿಳಿಚಿದ ಮೈಬಣ್ಣವನ್ನೇ ಸಾಕ್ಷಿಯಾಗಿಸಿ ವಿಟ್ರೂವಿಯಸ್ ಬರೆದಿದ್ದಾನೆ. ಇಷ್ಟು ತಿಳಿದಿದ್ದೂ ಲೋಕವು ಸೀಸದ ಬಣ್ಣವನ್ನು ಬಿಡಲು ಎರಡು ಸಹಸ್ರಮಾನ ತೆಗೆದುಕೊಂಡಿತು. ಒಳಗೋಡೆಗಳಿಗೆ ಬಿಳಿಸೀಸದ ಬಳಕೆಯನ್ನು ನಿರ್ಬಂಧಿಸುವ ಅಂತರರಾಷ್ಟ್ರೀಯ ಒಪ್ಪಂದವಾದದ್ದು 1921ರಲ್ಲಿ. ನಮ್ಮ ದೇಶದಲ್ಲಿ ಗೃಹೋಪಯೋಗಿ ಬಣ್ಣಗಳಲ್ಲಿ ಸೀಸದ ಪ್ರಮಾಣ ಹತ್ತು ಲಕ್ಷ ಭಾಗಕ್ಕೆ 90 ಭಾಗವನ್ನು ಮೀರಬಾರದೆಂಬ ನಿಯಮ ಹೊರಬಿದ್ದದ್ದು 2016ರಲ್ಲಿ, ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೆ ಹಿಂದಿನ ಎನಾಮಲ್ ಪದರಗಳು ನಮ್ಮ ಹಳೆಯ ಬಾಗಿಲು, ಕಿಟಕಿ, ಕಟಕಟೆಗಳ ಮೇಲೆ ಇನ್ನೂ ಇರಬಹುದು. ಹೊಸ ಬಣ್ಣಕ್ಕಾಗಿ ಅವನ್ನು ಒಣದಾಗಿ ಉಜ್ಜಿಸಿದರೆ ಆ ಧೂಳು ಕೂಲಿಯವನ ಎದೆಗೂ ಅಂಗಳದಲ್ಲಿ ಆಡುವ ಮಗುವಿನ ಬಾಯಿಗೂ ಸೇರುತ್ತದೆ. ನೀರು ಚಿಮುಕಿಸಿ ಉಜ್ಜಿಸಬೇಕು, ಕೆಲಸಗಾರನಿಗೆ ತಕ್ಕ ಮುಖಗವಸು ಕೊಡಬೇಕು, ಮಕ್ಕಳನ್ನು ದೂರವಿಡಬೇಕು. ಕೊಟೇಶನ್ನಿನಲ್ಲಿ ಇದಕ್ಕೊಂದು ಸಾಲು ಸೇರಿಸಿದರೆ ಖರ್ಚು ಕೊಂಚ ಏರುತ್ತದೆ, ಅಷ್ಟೆ.

ಹಳೆಯ ಸುಣ್ಣದ ಗೋಡೆಗಳ ಮೇಲೆ ಸಿಮೆಂಟ್ ಗಾರೆ ಮೆತ್ತಿ ಪ್ಲಾಸ್ಟಿಕ್ ಪೇಂಟ್ ಹೊಡೆಸುವ ರೂಢಿಗೂ ಇಲ್ಲಿ ಒಂದು ಮಾತು ಸಲ್ಲುತ್ತದೆ. ಸುಣ್ಣದ ಗೋಡೆ ತನ್ನ ತೇವವನ್ನು ಮೈಯಿಂದಲೇ ಆರಿಸಿಕೊಳ್ಳುತ್ತದೆ. ಆ ದಾರಿಯನ್ನು ಮುಚ್ಚಿದರೆ ನೀರೂ ಉಪ್ಪೂ ಒಳಗೇ ನಿಂತು, ಕೆಲವು ಮಳೆಗಾಲಗಳಲ್ಲಿ ಹೊಸ ಪದರ ಹಳೆಯ ಗಾರೆಯನ್ನೂ ಹಿಡಿದುಕೊಂಡು ಕಳಚುತ್ತದೆ. ಹೊರಚರಂಡಿ ಸರಿಪಡಿಸಿ, ಸಡಿಲ ಗಾರೆ ತೆಗೆದು ಮತ್ತೆ ಸುಣ್ಣದ ಗಾರೆಯನ್ನೇ ತುಂಬಿ, ಒಂದು ಬೇಸಿಗೆ ಒಣಗಲು ಬಿಟ್ಟು ಸುಣ್ಣವನ್ನೇ ಬಳಿದರೆ ಗೋಡೆ ಕನ್ನಡಿಯಂತೆ ನುಣುಪಾಗದು, ಅಲ್ಲಲ್ಲಿ ಅಲೆ ಉಳಿಯುತ್ತದೆ. ಉಳಿಯಲಿ. ಹಳೆಯ ಗಾರೆಯ ಕೆಲಸ ಎಷ್ಟು ಗಟ್ಟಿಯಾಗಿತ್ತೆಂದರೆ, ಹಳೆಯ ಗೋಡೆಗಳಿಂದ ಗಾರೆಯ ಚಪ್ಪಡಿಗಳನ್ನೇ ಕತ್ತರಿಸಿ ತೆಗೆದು ಮೇಜಿನ ಹಲಗೆಗಳಂತೆ ಬಳಸುವವರಿದ್ದರೆಂದು ವಿಟ್ರೂವಿಯಸ್ ಹೇಳುತ್ತಾನೆ.