ಮನೆಯಲ್ಲಿ ಮಗು, ನಾಯಿ ಇದೆಯೇ? ಹೊಳೆಯುವ ಟೈಲ್ಸ್‌ಗೆ ಮರುಳಾಗಬೇಡಿ

ಅಂಗಡಿಯಲ್ಲಿ ಎಲ್ಲರೂ ನೋಡುವುದು ಟೈಲ್ಸ್‌ನ ಹೊಳಪನ್ನು. ಆದರೆ ಅಂಬೆಗಾಲಿಡುವ ಮಗು, ಓಡಾಡುವ ನಾಯಿ ಇರುವ ಮನೆಯಲ್ಲಿ ಮೊದಲು ನೋಡಬೇಕಾದದ್ದು ನೆಲ ಜಾರುತ್ತದೆಯೇ ಎಂಬುದನ್ನು. ನುಣುಪು ನೆಲದ ಮೇಲೆ ನಾಯಿಗೆ ಹಿಡಿತ ಸಿಗುವುದಿಲ್ಲ. ವಯಸ್ಸಾದ ನಾಯಿಯಾದರೆ ಸೊಂಟದ ಕೀಲಿಗೇ ತೊಂದರೆ.

ಹೆಚ್ಚಿನ ಮನೆಗಳಿಗೆ ಮ್ಯಾಟ್ ಫಿನಿಶ್ ವಿಟ್ರಿಫೈಡ್ ಟೈಲ್ಸ್ ಒಳ್ಳೆಯದು. ಇವು ನೀರು ಹೀರುವುದು ಸಾಮಾನ್ಯವಾಗಿ ಶೇ. 0.5ಕ್ಕಿಂತ ಕಡಿಮೆ, ಚೆಲ್ಲಿದ ಹಾಲು, ನಾಯಿಯ ಮೂತ್ರ ಒಳಗಿಳಿಯುವುದಿಲ್ಲ. ಆರ್10, ಆರ್11 ಎಂಬ ಗುರುತಿದೆಯೇ ಕೇಳಿ. ಅಂಕಿ ಹೆಚ್ಚಿದಷ್ಟೂ ಜಾರುವುದು ಕಡಿಮೆ. ಅಂಗಡಿಯವರಿಗೆ ಗೊತ್ತಿಲ್ಲದಿದ್ದರೆ ಟೈಲ್ ಮೇಲೆ ನೀರು ಸುರಿದು ಬರಿಗಾಲಲ್ಲಿ ನಿಂತು ನೋಡಿ, ಸಂಕೋಚ ಬೇಡ. ಇನ್ನು ವಾಸನೆ ಉಳಿಯುವುದು ಟೈಲ್ಸ್‌ನಲ್ಲಲ್ಲ, ಅದರ ಸಂದುಗಳಲ್ಲಿ. ಅಲ್ಲಿ ಸಿಮೆಂಟ್ ಬದಲು ಎಪಾಕ್ಸಿ ಗ್ರೌಟ್ ತುಂಬಿಸಿ. ಬೆಲೆ ಜಾಸ್ತಿ, ಆದರೂ ಇಲ್ಲಿ ಜಿಪುಣತನ ಬೇಡ.

ಮಾರ್ಬಲ್ ಮೇಲೆ ಮೂತ್ರವೋ ನಿಂಬೆರಸವೋ ನಿಂತರೆ ಕಲೆ ಹೋಗುವುದು ಕಷ್ಟ. ಲ್ಯಾಮಿನೇಟ್ ನೀರು ಕುಡಿದು ಉಬ್ಬುತ್ತದೆ. ಮುಂಬೈ, ಪುಣೆಯ ಹಳೇ ಮನೆಯಲ್ಲಿ ಶಹಾಬಾದಿ ಫರ್ಶಿ ಇದ್ದರೆ ಕೀಳಿಸುವ ಮುನ್ನ ಯೋಚಿಸಿ. ನಮ್ಮ ಕಲಬುರಗಿ ಕಡೆಯ ಈ ಕಲ್ಲು ಪಾಲಿಶ್ ಮಾಡದಿದ್ದರೆ ಅಷ್ಟಾಗಿ ಜಾರುವುದಿಲ್ಲ; ಆಸಿಡ್ ಮಾತ್ರ ಸೋಕಿಸಬಾರದು.

ಬಾಡಿಗೆ ಮನೆಯಾದರೆ ಅಡಿಯಲ್ಲಿ ರಬ್ಬರ್ ಇರುವ ಮ್ಯಾಟ್ ಸಾಕು. ಬೆಕ್ಕಿದ್ದರೆ ಫಿನಾಯಿಲ್‌ನಿಂದ ನೆಲ ಒರೆಸಬೇಡಿ. ಪಾದಕ್ಕೆ ಅಂಟಿದ್ದನ್ನು ಅದು ನೆಕ್ಕುತ್ತದೆ, ಫೀನಾಲ್ ಬೆಕ್ಕಿಗೆ ವಿಷ.